ಒಂದು ಲೋಟ ನೀರಿಗೆ ಉಪ್ಪೆಷ್ಟು? ಐದು ದಿನದಿಂದ ಗಂಟಲು ನೋವು

ಮಳೆಗಾಲದ ಟೀಚರ್ (ಸಾಗರ)
ಸೋಮವಾರ, ಬೆಳಿಗ್ಗೆ 5.50

ಎಲ್ಲರಿಗೂ ನಮಸ್ಕಾರ. ಐದು ದಿನದಿಂದ ಗಂಟಲು ನೋವು. ಉಗುಳು ನುಂಗಿದರೂ ಮುಳ್ಳು ಗೀರಿದಂತಾಗುತ್ತದೆ. ಶಾಲೆ ಶುರುವಾಗಿ ಮೂರು ವಾರವಾಯಿತು. ನಮ್ಮ ನಾಲ್ಕನೇ ತರಗತಿಯ ಕೊಠಡಿಗೆ ಶೀಟಿನ ಮಾಡು. ಮಳೆ ಹಿಡಿದರೆ ಮೊದಲ ಸಾಲಿನ ಮಕ್ಕಳಿಗೂ ನನ್ನ ಮಾತು ಕೇಳಿಸುವುದಿಲ್ಲ. ಮಗ್ಗಿ ಹೇಳಿಸುವುದೆಂದರೆ ಮಳೆಯ ಜೊತೆ ಜಗಳ ಕಾಯ್ದ ಹಾಗೆ. ಶುಕ್ರವಾರದಿಂದ ದನಿಯೂ ಒಡೆದಿದೆ.

ಇಷ್ಟರವರೆಗೆ ಮಾಡಿದ್ದು: ದಿನಕ್ಕೆ ಎಂಟು ಹತ್ತು ಸಲ ಅರಿಸಿನ ಹಾಕಿದ ಉಪ್ಪುನೀರು. ಮಾವನವರು ಹೇಳಿದರೆಂದು ಪಟಿಕದ ನೀರು. ಪಕ್ಕದ ಮನೆಯವರು ಹೇಳಿದರೆಂದು ಲವಂಗದ ನೀರು. ನಿನ್ನೆ ರಾತ್ರಿ ನಮ್ಮ ಮನೆಯವರು ಮೊಬೈಲಿನಲ್ಲಿ ಏನೋ ನೋಡಿ ಆಪಲ್ ಸೈಡರ್ ವಿನೆಗರ್ ತಂದರು, ಅದೂ ಆಯಿತು. ಈಗ ಗಂಟಲು ಮಾತ್ರವಲ್ಲ, ಕೆನ್ನೆಯ ಒಳಭಾಗವೂ ಸುಲಿದಂತೆ ಉರಿಯುತ್ತಿದೆ. ನೆಗಡಿ, ಕೆಮ್ಮು ಇದೆ. ಜ್ವರ ಇಲ್ಲ. ಎಂಟು ವರ್ಷದ ಮಗನಿಗೂ ಮೊನ್ನೆಯಿಂದ ಗಂಟಲು ನೋವು, ಮೈ ಬಿಸಿ. ಅವನಿಗೂ ಇದೇ ನೀರು ಕೊಡುತ್ತಿದ್ದೇನೆ, ಮುಕ್ಕಳಿಸು ಎಂದರೆ ಅಳುತ್ತಾನೆ.

ಮನೆಯಲ್ಲೇ ಮಾಡಿಕೊಳ್ಳುವಂಥದ್ದು, ನಿಜವಾಗಿ ಗುಣ ಕಂಡದ್ದು ಯಾವುದಾದರೂ ಇದ್ದರೆ ಹೇಳಿ.

ಹಿತ್ತಲ ಗಿಡ (ತೀರ್ಥಹಳ್ಳಿ)
ಸೋಮವಾರ, ಬೆಳಿಗ್ಗೆ 6.25

ವಿನೆಗರ್ ಯಾಕೆ ತಾಯಿ? ಹಿತ್ತಲಲ್ಲಿ ದೊಡ್ಡಪತ್ರೆ ಇಲ್ಲವೇ? ನಾಲ್ಕೆಲೆ ಕೆಂಡದ ಮೇಲೆ ಬಾಡಿಸಿ, ಹಿಂಡಿ, ಆ ರಸವನ್ನು ಜೇನುತುಪ್ಪದಲ್ಲಿ ನೆಕ್ಕಬೇಕು. ಮುಕ್ಕಳಿಸಲು ಬೇಕಾದರೆ ತುಳಸಿ, ಜಜ್ಜಿದ ಶುಂಠಿ, ನಾಲ್ಕು ಕಾಳುಮೆಣಸು ಹಾಕಿ ಎರಡು ಲೋಟ ನೀರು ಒಂದಕ್ಕೆ ಇಳಿಯುವ ತನಕ ಕುದಿಸಿ, ಸೋಸಿ, ಉಗುರು ಬೆಚ್ಚಗಾದ ಮೇಲೆ ಬಳಸಿ. ನನಗೆ ಎಪ್ಪತ್ತೊಂದು ವರ್ಷ. ಗಂಟಲಿಗೆಂದು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಅದೂ ಹಲಸಿನ ಹಣ್ಣಿನ ಮೇಣ ಸಿಕ್ಕಿಕೊಂಡಾಗ.

ದಾಳಿಂಬೆ ತೋಟ (ಕೊಪ್ಪಳ)
ಸೋಮವಾರ, ಬೆಳಿಗ್ಗೆ 7.10

ನಮ್ಮ ಕಡೆ ದಾಳಿಂಬೆ ಸಿಪ್ಪೆಯನ್ನು ಎಸೆಯುವುದಿಲ್ಲ, ಒಣಗಿಸಿ ಡಬ್ಬಿಯಲ್ಲಿ ಇಡುತ್ತೇವೆ. ಒಂದು ಹಿಡಿ ಸಿಪ್ಪೆ, ಎರಡು ಲೋಟ ನೀರು, ಹತ್ತು ನಿಮಿಷ ಕುದಿ. ಬಣ್ಣ ಚಹಾದಂತೆ ಬರುತ್ತದೆ, ರುಚಿ ಕಡು ಚೊಗರು. ಬಾಯಿಗೆ ಹಾಕಿದ ಕೂಡಲೇ ನಾಲಗೆ ಬಿಗಿಯುತ್ತದೆ. ಆ ಬಿಗಿತವೇ ಔಷಧಿ ಎನ್ನುತ್ತಿದ್ದರು ನಮ್ಮ ಅಜ್ಜಿ. ಪೇರಲ ಎಲೆಯದ್ದೂ, ಅಳಲೆಕಾಯಿಯದ್ದೂ ಇದೇ ಗುಣ. ಬಿಳಿ ಅಂಗಿ ಹಾಕಿಕೊಂಡು ಮುಕ್ಕಳಿಸಬೇಡಿ, ಕಲೆ ಹೋಗುವುದಿಲ್ಲ.

ಒಣಮೆಣಸು (ಬ್ಯಾಡಗಿ)
ಸೋಮವಾರ, ಬೆಳಿಗ್ಗೆ 7.40

ವಿಷಯ ಸ್ವಲ್ಪ ಆಚೆಯದು, ಆದರೂ ಹೇಳುತ್ತೇನೆ. ಇಲ್ಲಿ ಮಾರುಕಟ್ಟೆಯ ಹಂಗಾಮಿನಲ್ಲಿ ಚೀಲ ಹೊರುವವರ ಗಂಟಲಿಗೆ ಮೆಣಸಿನ ಘಾಟು ಕೂರುತ್ತದೆ. ಹೊಸಬರು ನೀರು ಮುಕ್ಕಳಿಸುತ್ತಾರೆ. ಹಳಬರು ನಗುತ್ತಾರೆ. ಮೆಣಸಿನ ಖಾರ ನೀರಿನಲ್ಲಿ ಕರಗುವುದಿಲ್ಲ, ಬಾಯಿತುಂಬ ಹರಡುತ್ತದೆ ಅಷ್ಟೇ. ಹಾಲು ಅಥವಾ ಗಟ್ಟಿ ಮಜ್ಜಿಗೆಯನ್ನು ಬಾಯಲ್ಲಿ ಹಿಡಿದಿಟ್ಟು ಉಗುಳಿದರೆ ತಕ್ಷಣ ತಣಿಯುತ್ತದೆ. ಯಾವ ನೋವಿಗೆ ಯಾವ ನೀರು ಎಂಬುದು ಮುಖ್ಯ. ಟೀಚರ್ ಅವರ ನೋವು ಯಾವುದು ಎಂದು ಯಾರೂ ಕೇಳಲೇ ಇಲ್ಲವಲ್ಲ?

ರಸಾಯನ ಮೇಷ್ಟ್ರು (ಮೈಸೂರು)
ಸೋಮವಾರ, ಬೆಳಿಗ್ಗೆ 8.15

ನೋವು ಯಾವುದು ಎಂಬುದಕ್ಕಿಂತ ಮೊದಲು ನಾನು ಕೇಳುವುದು ಇನ್ನೊಂದು. ಒಂದು ಲೋಟಕ್ಕೆ ಉಪ್ಪು ಎಷ್ಟು ಹಾಕುತ್ತಿದ್ದೀರಿ? ಪುಡಿ ಉಪ್ಪೋ, ಹರಳುಪ್ಪೋ? ಲೋಟ ಎಷ್ಟು ದೊಡ್ಡದು?

ಮಳೆಗಾಲದ ಟೀಚರ್ (ಸಾಗರ)
ಸೋಮವಾರ, ಬೆಳಿಗ್ಗೆ 8.22

ಕಾಫಿ ಕುಡಿಯುವ ಸ್ಟೀಲ್ ಲೋಟ, 200 ಮಿಲಿಲೀಟರ್ ಹಿಡಿಯಬಹುದು. ಪುಡಿ ಉಪ್ಪು, ಎರಡು ಚಮಚ. ಹೆಚ್ಚು ಹಾಕಿದರೆ ಬೇಗ ಗುಣವಾಗುತ್ತದೆ ಎಂದುಕೊಂಡಿದ್ದೆ. ತಪ್ಪೇ?

ರಸಾಯನ ಮೇಷ್ಟ್ರು (ಮೈಸೂರು)
ಸೋಮವಾರ, ಬೆಳಿಗ್ಗೆ 8.50

ಲೆಕ್ಕ ನೋಡಿ. ಮಟ್ಟಸವಾದ ಒಂದು ಚಹಾ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ. ನೀವು ಹಾಕಿದ್ದು 12 ಗ್ರಾಂ, 200 ಮಿಲಿಲೀಟರಿಗೆ. ಅಂದರೆ ಲೀಟರಿಗೆ 60 ಗ್ರಾಂ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇರುತ್ತದೆ. ಸಮುದ್ರಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಉಪ್ಪಾದ ನೀರನ್ನು ದಿನಕ್ಕೆ ಹತ್ತು ಸಲ ಮುಕ್ಕಳಿಸುತ್ತಿದ್ದೀರಿ. ಕೆನ್ನೆ ಸುಲಿಯದೆ ಇನ್ನೇನಾಗುತ್ತದೆ?

ನಮ್ಮ ಮೈಯ ದ್ರವದ ಉಪ್ಪು ಲೀಟರಿಗೆ 9 ಗ್ರಾಂ ಲೆಕ್ಕದ್ದು. ಡ್ರಿಪ್ ಹಾಕುವ ಸಲೈನ್ ಬಾಟಲಿಯ ಮೇಲೆ ಶೇಕಡಾ 0.9 (ನೂರು ಮಿಲಿಲೀಟರಿಗೆ 0.9 ಗ್ರಾಂ) ಎಂದು ಬರೆದಿರುವುದು ಇದನ್ನೇ. ಮುಕ್ಕಳಿಸುವ ನೀರು ಇದಕ್ಕಿಂತ ತುಸು ಹೆಚ್ಚು ಉಪ್ಪಾಗಿದ್ದರೆ, ಊದಿಕೊಂಡ ಗಂಟಲಿನ ಪದರದಿಂದ ಸ್ವಲ್ಪ ನೀರನ್ನು ಹೊರಕ್ಕೆ ಎಳೆಯುತ್ತದೆ. ಉಪ್ಪಿನಕಾಯಿಗೆ ಹಾಕಿದ ಮಾವಿನ ಹೋಳು ನೀರು ಬಿಡುವುದಿಲ್ಲವೇ, ಅದೇ ತತ್ತ್ವ. ಆದರೆ ನಿಮ್ಮ ಗಂಟಲನ್ನು ಉಪ್ಪಿನಕಾಯಿ ಹಾಕುವ ಅಗತ್ಯವಿಲ್ಲ. ಒಂದು ಲೋಟಕ್ಕೆ ಕಾಲು ಚಮಚದಿಂದ ಅರ್ಧ ಚಮಚ, ಅದಕ್ಕಿಂತ ಹೆಚ್ಚು ಬೇಡ. ದಿನಕ್ಕೆ ಮೂರು ನಾಲ್ಕು ಸಲ ಸಾಕು. ಹರಳುಪ್ಪಾದರೆ ಪೂರ್ತಿ ಕರಗಿದ ಮೇಲೆ ಬಾಯಿಗೆ ಹಾಕಿ.

ಅರಿಸಿನದ ಬಗ್ಗೆ ಒಂದು ಮಾತು. ಅದರ ಹಳದಿ ಸಾರವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ತೀರ ಕಡಿಮೆ. ಲೋಟದ ತಳದಲ್ಲಿ ಗಸಿ ಕೂತಿರುವುದನ್ನು ನೀವೇ ನೋಡಿರುತ್ತೀರಿ. ಹಾಕಿದರೆ ತೊಂದರೆಯಿಲ್ಲ, ಆದರೆ ಆ ಲೋಟದಲ್ಲಿ ಕೆಲಸ ಮಾಡುತ್ತಿರುವುದು ಬಹುಮಟ್ಟಿಗೆ ಉಪ್ಪು ಮತ್ತು ಬಿಸಿ. ವಿನೆಗರ್ ಬಿಡಿ. ಅದು ಆಮ್ಲ, ಹಲ್ಲಿನ ಹೊಳಪಿನ ಪದರವನ್ನು ತಿನ್ನುತ್ತದೆ. ಸುಲಿದ ಬಾಯಿಗೆ ಬೆಂಕಿ.

ಹಿತ್ತಲ ಗಿಡ (ತೀರ್ಥಹಳ್ಳಿ)
ಸೋಮವಾರ, ಬೆಳಿಗ್ಗೆ 9.30

ಮೇಷ್ಟ್ರೇ, ಅರಿಸಿನಕ್ಕೂ ಪರೀಕ್ಷೆ ಇಟ್ಟು ನಪಾಸು ಮಾಡಿದಿರಾ? ಗಸಿ ತಳಕ್ಕೆ ಕೂರುವುದು ಕಲಕದೇ ಇರುವವರ ಲೋಟದಲ್ಲಿ.

ಏರು ಪದ್ಯ (ಪುತ್ತೂರು)
ಸೋಮವಾರ, ಮಧ್ಯಾಹ್ನ 12.10

ಟೀಚರ್, ನಿಮ್ಮ ಪತ್ರದಲ್ಲಿ ಎರಡು ಕಾಯಿಲೆಗಳಿವೆ. ಗಂಟಲು ನೋವು ಒಂದು, ದನಿ ಒಡೆದದ್ದು ಇನ್ನೊಂದು. ಮುಕ್ಕಳಿಸುವುದು ಎರಡನೆಯದನ್ನು ಮುಟ್ಟುವುದೇ ಇಲ್ಲ.

ನಾನು ಯಕ್ಷಗಾನದ ಭಾಗವತ, ಇಪ್ಪತ್ತೆರಡು ತಿರುಗಾಟ ಮುಗಿಸಿದವನು. ದೀಪಾವಳಿ ಕಳೆದು ಮೇಳ ಹೊರಟರೆ ಮೇ ಕೊನೆಯ ಪತ್ತನಾಜೆಯವರೆಗೆ ರಾತ್ರಿಯೇ ನಮಗೆ ಹಗಲು. ಇಬ್ಬನಿಯಲ್ಲಿ ಕುಳಿತು ಏರು ಪದ್ಯ ಹೇಳಬೇಕು. ಹಿಂದೆ ಚೌಕಿಯಲ್ಲಿ (ವೇಷ ಕಟ್ಟುವ ಬಣ್ಣದ ಮನೆಯಲ್ಲಿ) ಒಲೆಯ ಮೇಲೆ ನನಗೆಂದೇ ಒಂದು ಚೆಂಬು ಉಪ್ಪುನೀರು ಇರುತ್ತಿತ್ತು. ತಲೆ ಹಿಂದಕ್ಕೆ ಮಾಡಿ ಗಳಗಳ ಎನಿಸಿ, ಬಂದು ಕುಳಿತರೆ ದನಿ ತೆರೆಯಿತು ಎಂಬ ನಂಬಿಕೆ. ಏಳು ವರ್ಷದ ಹಿಂದೆ ಜನವರಿಯಲ್ಲಿ ದನಿ ಪೂರ್ತಿ ಕೂತಾಗ ಗಂಟಲಿನ ವೈದ್ಯರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ದನಿಯ ತಂತುಗಳೆಂದರೆ ಬೆಳ್ಳಗಿನ ಎರಡು ಪಟ್ಟಿ. ನನ್ನವು ಕೆಂಪಗೆ ಊದಿದ್ದವು. ಅವು ಇರುವುದು ಶ್ವಾಸದ ಹಾದಿಯಲ್ಲಿ. ‘ನೀವು ಮುಕ್ಕಳಿಸುವ ನೀರು ಅಲ್ಲಿಗೆ ಹೋದರೆ ಕೆಮ್ಮಿ ಕೆಮ್ಮಿ ಸಾಯುತ್ತೀರಿ’ ಎಂದು ನಕ್ಕರು. ನೀರು ಕಿರುನಾಲಗೆ, ಟಾನ್ಸಿಲ್‌ಗಳ ಆಸುಪಾಸಿಗೆ ನಿಲ್ಲುತ್ತದೆ. ಅಲ್ಲಿನ ಕೆರೆತಕ್ಕೆ ಹಿತ, ಅಷ್ಟೇ.

ದನಿಗೆ ಬೇಕಾದದ್ದು ಮೌನ. ಪಿಸುಮಾತೂ ಬೇಡ, ಪಿಸುಗುಟ್ಟುವಾಗ ಗಂಟಲು ಇನ್ನಷ್ಟು ಬಿಗಿಯುತ್ತದೆ. ಆಗಾಗ ನೀರು ಕುಡಿಯಿರಿ, ಹಬೆ ತೆಗೆದುಕೊಳ್ಳಿ. ಮುಕ್ಕಳಿಸುವಾಗಲೂ ಎಲ್ಲರಿಗೂ ಕೇಳಲಿ ಎಂಬಂತೆ ಅಬ್ಬರಿಸಬೇಡಿ, ಆ ಗಳಗಳ ಎನ್ನುವುದೂ ದನಿಯ ದುಡಿಮೆಯೇ.

ಜ್ಯೇಷ್ಠಮಧುವಿನ ಬಗ್ಗೆಯೂ ಹೇಳಿಬಿಡುತ್ತೇನೆ. ಕೆನ್ನೆಯಲ್ಲಿ ಒಂದು ಕಡ್ಡಿ ಇಟ್ಟುಕೊಳ್ಳುವುದು ನಮ್ಮವರಲ್ಲಿ ರೂಢಿ. ಹಿತವಾಗಿರುತ್ತದೆ. ಆದರೆ ನಾನು ಒಂದಿಡೀ ತಿರುಗಾಟ ಬಿಡದೆ ಜಗಿದೆ. ರಕ್ತದೊತ್ತಡ ಏರಿತು. ಕಡ್ಡಿಯ ವಿಷಯ ಹೇಳಿದ ಕೂಡಲೇ ವೈದ್ಯರು ನಿಲ್ಲಿಸಲು ಹೇಳಿದರು. ಅದರೊಳಗಿನ ಸಿಹಿ ಪದಾರ್ಥವೇ ಒತ್ತಡ ಏರಿಸಿ ಪೊಟ್ಯಾಶಿಯಂ ಇಳಿಸುತ್ತದಂತೆ.

ಉಗಾಯಿ (ಒಸಾಕಾ)
ಸೋಮವಾರ, ಸಂಜೆ 4.35

ಹಾಸನದವನು, ಒಂಬತ್ತು ವರ್ಷದಿಂದ ಜಪಾನಿನಲ್ಲಿದ್ದೇನೆ. ಇಲ್ಲಿ ಮುಕ್ಕಳಿಸುವುದು ಔಷಧಿಯಲ್ಲ, ಶಿಷ್ಟಾಚಾರ. ಹೊರಗಿನಿಂದ ಬಂದ ಮಗು ಕೈ ತೊಳೆದು ಗಂಟಲು ಮುಕ್ಕಳಿಸಬೇಕು. ಶಾಲೆಯಲ್ಲೂ ಇದನ್ನೇ ಕಲಿಸುತ್ತಾರೆ. ಅದಕ್ಕೆ ‘ಉಗಾಯಿ’ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ನಮ್ಮ ‘ಉಗಿ’ಯ ನೆಂಟನಿರಬೇಕು ಎಂದುಕೊಂಡಿದ್ದೆ.

2002–03ರ ಚಳಿಗಾಲದಲ್ಲಿ ಇಲ್ಲಿ 387 ಆರೋಗ್ಯವಂತರ ಮೇಲೆ ಒಂದು ಪ್ರಯೋಗ ನಡೆಯಿತು, 2005ರಲ್ಲಿ ಪ್ರಕಟವಾಯಿತು. ಕೆಲವರಿಗೆ ಬರೀ ನೀರು, ಕೆಲವರಿಗೆ ಪೊವಿಡೋನ್ ಅಯೋಡಿನ್ ಎಂಬ ಸೋಂಕುನಿವಾರಕ, ಉಳಿದವರು ಎಂದಿನಂತೆ. ಬರೀ ನೀರಿನವರಲ್ಲಿ ನೆಗಡಿ ಗಂಟಲುನೋವು ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಅಯೋಡಿನ್‌ನವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದೂ 2020ರ ಆಗಸ್ಟ್ 4ರಂದು ಒಸಾಕಾದ ಗವರ್ನರ್ ಯೋಶಿಮುರಾ ಕೋವಿಡ್‌ಗೆ ಅಯೋಡಿನ್ ಮುಕ್ಕಳಿಸಿ ಎಂದದ್ದೇ ತಡ, ಔಷಧಿ ಅಂಗಡಿಗಳ ಕಪಾಟು ಖಾಲಿ. ಮರುದಿನ ನಾನು ನೋಡಿದ ಅಂಗಡಿಯಲ್ಲಿ ಬೆಲೆಯ ಚೀಟಿ ಮಾತ್ರ ಉಳಿದಿತ್ತು.

ಆ ಪ್ರಯೋಗ ಬಾರದಂತೆ ತಡೆಯುವುದರ ಬಗ್ಗೆ, ಬಂದ ನೋವನ್ನು ವಾಸಿ ಮಾಡುವುದರ ಬಗ್ಗೆ ಅಲ್ಲ. ಟೀಚರ್‌ಗೆ ಇದರಿಂದ ಈಗ ಉಪಯೋಗವಿಲ್ಲ ಎಂಬುದು ಗೊತ್ತು. ಆದರೂ ಹೇಳಬೇಕೆನಿಸಿತು.

ಎಲ್ಲಕ್ಕೂ ಮಾತ್ರೆ (ತುಮಕೂರು)
ಸೋಮವಾರ, ಸಂಜೆ 6.05

ಇಷ್ಟೆಲ್ಲ ಯಾಕೆ? ಒಂದು ಆಸ್ಪಿರಿನ್ ಮಾತ್ರೆ ನೀರಿನಲ್ಲಿ ಕರಗಿಸಿ ಅಮ್ಮ, ಮಗ ಇಬ್ಬರೂ ಮುಕ್ಕಳಿಸಿ. ಐದು ನಿಮಿಷದಲ್ಲಿ ನೋವು ಮಾಯ. ಆಗದಿದ್ದರೆ ಮೆಡಿಕಲ್ ಅಂಗಡಿಯಲ್ಲಿ ಆ್ಯಂಟಿಬಯೋಟಿಕ್ ಕೇಳಿ, ಮೂರು ದಿನ ನುಂಗಿ.

ರಾತ್ರಿ ಪಾಳಿ (ಹುಬ್ಬಳ್ಳಿ)
ಸೋಮವಾರ, ಸಂಜೆ 7.20

ಮೇಲಿನ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಜ್ವರವಿರುವ ಮಗುವಿಗೆ ಆಸ್ಪಿರಿನ್ ಕೊಡುವಂತೆಯೇ ಇಲ್ಲ. ವೈರಸ್ ಜ್ವರದ ಜೊತೆ ಅದು ಸೇರಿದರೆ ಮಿದುಳು, ಯಕೃತ್ತಿಗೆ ಪೆಟ್ಟು ಕೊಡುವ ರೈ ಸಿಂಡ್ರೋಮ್ ಬರುವ ಅಪಾಯವಿದೆ. ಮುಕ್ಕಳಿಸುವ ಮಗು ಅರ್ಧ ನುಂಗಿಯೇ ನುಂಗುತ್ತದೆ.

ನಾನು ನರ್ಸ್. ಪಾಳಿಗೆ ಹೊರಡುವ ಮುಂಚೆ ಓದಿದೆ. ಅಕ್ಕನವರೇ, ನಿಮ್ಮ ಗಂಟಲಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಿಮ್ಮದು ನೆಗಡಿ ಕೆಮ್ಮಿನ ಜೊತೆ ಬಂದದ್ದು, ಜ್ವರವಿಲ್ಲ, ಕೂಗಿ ಕೂಗಿ ಹೆಚ್ಚಾಗಿದೆ, ಉಪ್ಪಿನಿಂದ ಸುಟ್ಟಿದೆ. ಇಂಥ ವೈರಸ್ ಗಂಟಲುನೋವು ಬಹುಪಾಲು ಒಂದು ವಾರದಲ್ಲಿ ತಾನಾಗಿ ಇಳಿಯುತ್ತದೆ. ನನಗೆ ತಲೆಯಲ್ಲಿ ಕೊರೆಯುತ್ತಿರುವುದು ನಿಮ್ಮ ಪತ್ರದ ಕೊನೆಯ ಎರಡು ಸಾಲು. ಮಗನಿಗೆ ಕೆಮ್ಮು ಇದೆಯೇ? ಮೂಗು ಸೋರುತ್ತಿದೆಯೇ? ಜ್ವರ ಎಷ್ಟು? ಟಾರ್ಚ್ ಹಿಡಿದು, ಚಮಚದ ಹಿಡಿಯಿಂದ ನಾಲಗೆ ಒತ್ತಿ ಒಳಗೆ ನೋಡಿ. ದವಡೆಯ ಮೂಲೆಯ ಕೆಳಗೆ ಕುತ್ತಿಗೆಯಲ್ಲಿ ಬೆರಳಾಡಿಸಿ ನೋಡಿ, ಗಂಟು ಸಿಗುತ್ತದೆಯೇ, ಮುಟ್ಟಿದರೆ ನೋವೇ?

ಮಳೆಗಾಲದ ಟೀಚರ್ (ಸಾಗರ)
ಸೋಮವಾರ, ರಾತ್ರಿ 8.05

ನೋಡಿದೆ. ಕರೆಂಟ್ ಇಲ್ಲ, ಮೊಬೈಲ್ ಟಾರ್ಚಿನಲ್ಲೇ ನೋಡಿದ್ದು. ಎರಡೂ ಕಡೆ ಗಡ್ಡೆಗಳು ಹಣ್ಣಾದ ಟೊಮೆಟೊದಂತೆ ಕೆಂಪಗಿವೆ, ಬಲಗಡೆಯದರ ಮೇಲೆ ಮೊಸರು ಸಿಡಿದಂತೆ ಬಿಳಿ ಚುಕ್ಕೆಗಳಿವೆ. ಕೆಮ್ಮು ಇಲ್ಲ, ಮೂಗೂ ಒಣಗಿದೆ. ಜ್ವರ 102. ಕುತ್ತಿಗೆಯಲ್ಲಿ ಕಡಲೆಕಾಳಿಗಿಂತ ದೊಡ್ಡ ಗಂಟು, ಮುಟ್ಟಿದರೆ ಕೈ ತಳ್ಳುತ್ತಾನೆ. ಗಂಜಿ ಅರ್ಧ ಲೋಟ ಕುಡಿದ. ನನ್ನದೇ ಅವನಿಗೆ ಅಂಟಿತು ಎಂದುಕೊಂಡು ಸುಮ್ಮನಿದ್ದೆ.

ರಾತ್ರಿ ಪಾಳಿ (ಹುಬ್ಬಳ್ಳಿ)
ಸೋಮವಾರ, ರಾತ್ರಿ 8.20

ನಿಮ್ಮದೂ ಅವನದೂ ಬೇರೆ ಬೇರೆ ಎಂದೇ ಕಾಣುತ್ತದೆ. ಜ್ವರ, ಕೆಮ್ಮಿಲ್ಲದಿರುವುದು, ಟಾನ್ಸಿಲ್ ಮೇಲಿನ ಬಿಳಿ, ಕುತ್ತಿಗೆಯ ನೋಯುವ ಗಂಟು. ಈ ನಾಲ್ಕೂ ಸೇರಿದರೆ, ಅದರಲ್ಲೂ ಶಾಲೆಗೆ ಹೋಗುವ ವಯಸ್ಸಿನಲ್ಲಿ, ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಹೆಚ್ಚು. ಖಚಿತವಾಗಿ ಹೇಳಬೇಕಾದವರು ನೋಡಿ ಪರೀಕ್ಷಿಸಿದ ವೈದ್ಯರು, ನಾನಲ್ಲ. ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ.

ಗಂಟಲು ನೋವಿಗೆ ಇಷ್ಟು ಅವಸರ ಯಾಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಈ ಬ್ಯಾಕ್ಟೀರಿಯಾದ ಗಂಟಲು ನೋವು ಔಷಧಿಯಿಲ್ಲದೆಯೂ ಇಳಿದುಹೋಗುತ್ತದೆ, ಮೋಸ ಇರುವುದೇ ಅಲ್ಲಿ. ಇಳಿದ ಎರಡು ಮೂರು ವಾರದ ಮೇಲೆ ಕೆಲವು ಮಕ್ಕಳಿಗೆ ಕೀಲುಗಳು ಊದಿ ರೂಮ್ಯಾಟಿಕ್ ಜ್ವರ ಬರುತ್ತದೆ, ಹೃದಯದ ಕವಾಟ ಕೆಡುತ್ತದೆ. 5ರಿಂದ 15 ವರ್ಷದವರಲ್ಲಿ ಇದು ಹೆಚ್ಚು. ಗಂಟಲು ನೋವು ಶುರುವಾದ 9 ದಿನದೊಳಗೆ ಪೆನಿಸಿಲಿನ್ ಆರಂಭಿಸಿದರೆ ಇದನ್ನು ತಡೆಯಬಹುದು. ನಾನು ಹೃದಯದ ವಾರ್ಡಿನಲ್ಲಿ ನಾಲ್ಕು ವರ್ಷ ಇದ್ದೆ. ಮೊದಲ ಬಸುರಿನಲ್ಲಿ ಉಸಿರು ಕಟ್ಟಿ ಬಂದು, ಕವಾಟ ಕೆಟ್ಟಿದೆ ಎಂದು ಆಗ ಗೊತ್ತಾದ ಹುಡುಗಿಯರನ್ನು ನೋಡಿದ್ದೇನೆ. ಚಿಕ್ಕಂದಿನಲ್ಲಿ ಗಂಟಲು ನೋವು ಬರುತ್ತಿತ್ತೇ ಎಂದು ಕೇಳಿದರೆ ತಾಯಂದಿರು ಹೇಳುವುದು ಒಂದೇ: ‘ಬರುತ್ತಿತ್ತು, ಉಪ್ಪುನೀರು ಕೊಡುತ್ತಿದ್ದೆವು, ಹೋಗುತ್ತಿತ್ತು.’

ಶಾಲೆಗೆ ಸೇರಿಸುವಾಗಿನ, ಐದಾರು ವರ್ಷದ ಡಿಪಿಟಿ (ಗಂಟಲುಮಾರಿಯನ್ನೂ ತಡೆಯುವ) ಚುಚ್ಚುಮದ್ದು ಆಗಿದೆಯೇ ಎಂದು ತಾಯಿ ಕಾರ್ಡ್ ನೋಡಿಟ್ಟುಕೊಳ್ಳಿ, ವೈದ್ಯರು ಕೇಳಬಹುದು. ರಾತ್ರಿಯೇನಾದರೂ ಬಾಯಿ ತೆರೆಯಲು ಆಗದಿದ್ದರೆ, ಜೊಲ್ಲು ನುಂಗಲಾಗದೆ ಸುರಿದರೆ, ಉಸಿರಿಗೆ ಕಷ್ಟವಾದರೆ ಬೆಳಗಿನವರೆಗೆ ಕಾಯಬೇಡಿ.

ಹಿತ್ತಲ ಗಿಡ (ತೀರ್ಥಹಳ್ಳಿ)
ಸೋಮವಾರ, ರಾತ್ರಿ 9.00

ಗಂಟಲಿಗೆಲ್ಲ ಆ್ಯಂಟಿಬಯೋಟಿಕ್ ಕೊಟ್ಟು ಕೊಟ್ಟು ಈಗಿನ ಮಕ್ಕಳು ಜಗ್ಗಿದರೆ ಹರಿಯುವಂತಾಗಿದ್ದಾರೆ. ನಮ್ಮ ಕಾಲದಲ್ಲಿ ಹನ್ನೊಂದು ಮಕ್ಕಳಿದ್ದೆವು, ಕಷಾಯದಲ್ಲೇ ಬೆಳೆದೆವು.

ರಾತ್ರಿ ಪಾಳಿ (ಹುಬ್ಬಳ್ಳಿ)
ಸೋಮವಾರ, ರಾತ್ರಿ 9.12

ಅಮ್ಮಾ, ನಿಮ್ಮ ಮಾತಿನಲ್ಲಿ ಅರ್ಧ ನಿಜ. ಈ ಅಕ್ಕನವರಿಗೆ ಆ್ಯಂಟಿಬಯೋಟಿಕ್ ಬೇಡ, ನಿಮ್ಮ ಕಷಾಯವೇ ಸಾಕು ಎಂದು ನಾನೂ ಹೇಳುತ್ತೇನೆ. ಮಗನ ವಿಷಯ ಬೇರೆ. ಮನೆಮದ್ದನ್ನು ನಾನು ಅಲ್ಲಗಳೆಯುವವಳಲ್ಲ. ಭಾಗವತರು ಹೇಳಿದ ಜ್ಯೇಷ್ಠಮಧುವನ್ನೇ ಲಖನೌದಲ್ಲಿ 40 ರೋಗಿಗಳ ಮೇಲೆ ನೋಡಿದ್ದಾರೆ, 2009ರಲ್ಲಿ ಪ್ರಕಟವಾಗಿದೆ. ಅರಿವಳಿಕೆಗೆ ಐದು ನಿಮಿಷ ಮುಂಚೆ ಅದರ ನೀರನ್ನು ಮುಕ್ಕಳಿಸಿದವರಿಗೆ ಶಸ್ತ್ರಚಿಕಿತ್ಸೆಯ ನಂತರ ಉಸಿರಾಟದ ಕೊಳವೆಯಿಂದಾಗುವ ಗಂಟಲು ನೋವು ಕಡಿಮೆಯಾಯಿತು. ಮುಕ್ಕಳಿಸಿ ಉಗುಳಿದ್ದು, ತಿಂಗಳುಗಟ್ಟಲೆ ಜಗಿದು ನುಂಗಿದ್ದಲ್ಲ. ಭಾಗವತರಿಗೆ ಆದದ್ದು ಇವರಿಗೆ ಆಗುವುದಿಲ್ಲ.

ಹನ್ನೊಂದು ಮಕ್ಕಳೂ ಉಳಿದಿರಾ ಅಮ್ಮಾ?

ಹಿತ್ತಲ ಗಿಡ (ತೀರ್ಥಹಳ್ಳಿ)
ಸೋಮವಾರ, ರಾತ್ರಿ 9.40

ಎಂಟು.

ಸೋಡಾ ಉಪ್ಪು (ಮಂಡ್ಯ)
ಮಂಗಳವಾರ, ಬೆಳಿಗ್ಗೆ 6.30

ಟೀಚರ್, ಸುಲಿದ ಬಾಯಿಗೆ ಒಂದು ಮಾತು. ನನ್ನ ತಂದೆಗೆ ಗಂಟಲಿಗೆ ರೇಡಿಯೇಶನ್ ಕೊಡುವಾಗ ಆಸ್ಪತ್ರೆಯವರು ಬರೆದುಕೊಟ್ಟ ನೀರು ಇದು: ಕುದಿಸಿ ಆರಿಸಿದ ಒಂದು ಲೀಟರ್ ನೀರು, ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡುಗೆ ಸೋಡಾ. ಲೀಟರಿಗೆ ಒಂದೇ ಚಮಚ, ಗಮನಿಸಿ. ಉರಿಯುವುದಿಲ್ಲ, ಲೋಳೆ ಸಡಿಲವಾಗುತ್ತದೆ. ಆ ಎರಡು ತಿಂಗಳು ಅಪ್ಪನ ಬಾಯಿಗೆ ಹಿತವೆನಿಸಿದ್ದು ಇದೊಂದೇ. ಪ್ರತಿದಿನ ಹೊಸದಾಗಿ ಮಾಡುತ್ತಿದ್ದೆವು.

ಮಳೆಗಾಲದ ಟೀಚರ್ (ಸಾಗರ)
ಗುರುವಾರ, ಸಂಜೆ 5.15

ಎರಡು ದಿನ ಬರೆಯಲಾಗಲಿಲ್ಲ. ಮಂಗಳವಾರ ಬೆಳಿಗ್ಗೆ ಹೋದೆವು. ವೈದ್ಯರು ನೋಡಿ, ಹತ್ತಿ ಕಡ್ಡಿಯಿಂದ ಗಂಟಲು ಒರೆಸಿ ಪರೀಕ್ಷೆಗೆ ಕಳಿಸಿ, ವರದಿಗೆ ಕಾಯದೆ ಔಷಧಿ ಶುರು ಮಾಡಿದರು. ಇಂದು ವರದಿ ಬಂತು, ಸ್ಟ್ರೆಪ್ಟೊಕಾಕಸ್ ಇದೆ. ಹತ್ತು ದಿನದ ಔಷಧಿ. ನಿನ್ನೆಯಿಂದಲೇ ಜ್ವರವಿಲ್ಲ, ಇವತ್ತು ಎರಡು ದೋಸೆ ತಿಂದ. ಗುಣವಾಯಿತಲ್ಲ, ಇನ್ಯಾಕೆ ಔಷಧಿ ಎಂದು ಮಾವನವರು ಆಗಲೇ ಕೇಳಿದರು. ಕ್ಯಾಲೆಂಡರಿನಲ್ಲಿ ಹತ್ತು ಮನೆ ಗೆರೆ ಎಳೆದು ಗೋಡೆಗೆ ತೂಗುಹಾಕಿದ್ದೇನೆ, ದಿನಕ್ಕೊಂದು ಮನೆಗೆ ಅವರೇ ಗುಣಿಸು ಚಿಹ್ನೆ ಹಾಕಬೇಕು. ಈಗ ಔಷಧಿಯ ಹೊತ್ತು ನನಗಿಂತ ಮೊದಲು ಅವರಿಗೆ ನೆನಪಾಗುತ್ತದೆ.

ನನ್ನದು ವೈರಸ್ ಮತ್ತು ಕೂಗಾಟ ಎಂದರು. ಮೂರು ದಿನ ರಜೆ ಹಾಕಿ ಬಾಯಿ ಮುಚ್ಚಿ ಕೂತೆ, ಅತ್ತೆಯವರಿಗೆ ಅದೇ ದೊಡ್ಡ ಗಾಬರಿ. ಉಪ್ಪು ಅರ್ಧ ಚಮಚಕ್ಕೆ ಇಳಿಸಿದ ಮೇಲೆ ಕೆನ್ನೆಯ ಉರಿ ಮರುದಿನವೇ ಹೋಯಿತು. ತುಳಸಿ ಕಾಳುಮೆಣಸಿನ ಕಷಾಯವನ್ನು ಮುಕ್ಕಳಿಸುವ ಬದಲು ಕುಡಿದೆ, ಅಮ್ಮ ಬೇಸರ ಮಾಡಿಕೊಳ್ಳಬಾರದು. ತರಗತಿಗೆ ಒಂದು ಸಣ್ಣ ಗಂಟೆ ತಂದಿದ್ದೇನೆ. ಮಳೆ ಜೋರಾದರೆ ಗಂಟೆ ಬಾರಿಸುವುದು, ಮಕ್ಕಳು ಕಾಪಿ ಬರೆಯುವುದು. ಮಗ್ಗಿ ಏನಿದ್ದರೂ ಹೊಳವಾದಾಗ.

ರಸಾಯನ ಮೇಷ್ಟ್ರು (ಮೈಸೂರು)
ಗುರುವಾರ, ಸಂಜೆ 5.40

ಸಂತೋಷ. ಆ ಅರ್ಧ ಚಮಚ ಮಟ್ಟಸವಾದದ್ದೋ, ಗೋಪುರದಂತಿರುವುದೋ?

ಮಳೆಗಾಲದ ಟೀಚರ್ (ಸಾಗರ)
ಗುರುವಾರ, ಸಂಜೆ 5.52

ಮಟ್ಟಸವಾದದ್ದೇ ಮೇಷ್ಟ್ರೇ. ಮಗನ ಔಷಧಿ ಬಾಟಲಿಯ ಜೊತೆ ಬಂದ ಪ್ಲಾಸ್ಟಿಕ್ ಚಮಚದಲ್ಲಿ 2.5 ಎಂಬ ಗೆರೆ ಇದೆ. ಅದರ ಜೋಡಿಯೊಂದನ್ನು ಅಂಗಡಿಯಲ್ಲಿ ಕೇಳಿ ತಂದು ಉಪ್ಪಿನ ಡಬ್ಬಿಗೆ ದಾರದಲ್ಲಿ ಕಟ್ಟಿದ್ದೇನೆ. ಇಂದು ಬೆಳಿಗ್ಗೆ ಅತ್ತೆಯವರು ಅದರಲ್ಲೇ ಸಾರಿಗೆ ಉಪ್ಪು ಹಾಕಿ, ಎಲ್ಲರೂ ಸಪ್ಪೆ ಎಂದು ಎದ್ದರು.